ಕೊಟ್ಟ ಕರುವಿನ ಕ್ಷೇಮಸಮಾಚಾರ

ಕೂಡ್ಲಿಗಿಯ ನಿವೃತ್ತ ಬಸ್ ಕಂಡಕ್ಟರ್ ಯರ್ರೆಪ್ಪ ಪ್ರತಿ ಶನಿವಾರ ಬೆಳಗ್ಗೆ ಊರಾಚೆಯ ಗುಡ್ಡದ ಬುಡಕ್ಕೆ ಹೋಗಿ, ಒಂದು ದೊಡ್ಡ ದನದ ಮಂದೆಯ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಾನೆ. ದನ ಅವನವಲ್ಲ. ಅವನು ದನದ ಡಾಕ್ಟರೂ ಅಲ್ಲ. ಸಗಣಿ ವ್ಯಾಪಾರವನ್ನೂ ಇಟ್ಟುಕೊಂಡಿಲ್ಲ. ಮಂದೆಯಲ್ಲಿ ಎಷ್ಟು ತಲೆ ಎಂದು ಕೇಳಿದರೆ ಹೇಳುವುದೂ ಇಲ್ಲ, ಏಕೆಂದರೆ ಅವು ದೇವರ ದನ, ಎಣಿಸಬಾರದು. ನೌಕರಿಯುದ್ದಕ್ಕೂ ಬಸ್ಸಿನೊಳಗೆ ತಲೆ ಎಣಿಸಿಕೊಂಡೇ ಬದುಕಿದ ಮನುಷ್ಯ ಎಣಿಸಬಾರದ ಮಂದೆಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿರುವುದನ್ನು ನೋಡಬೇಕು. ಬೆನ್ನ ಹಿಂದೆ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿರುತ್ತವೆ.

ದೇವರ ದನ ಅಂದರೆ ಹರಕೆ ಹೊತ್ತವರು ಮನೆದೇವರಿಗೆ ಬಿಟ್ಟ ದನ. ಅವಕ್ಕೆ ಹಗ್ಗವಿಲ್ಲ, ಮೂಗುದಾರವಿಲ್ಲ, ಸಂತೆಯಿಲ್ಲ. ಬೆಳಗ್ಗೆ ರೊಪ್ಪದ ಮುಳ್ಳುಬೇಲಿ ಸರಿಸಿದರೆ ಗುಡ್ಡಕ್ಕೆ, ಸಂಜೆ ತಾವಾಗಿಯೇ ಮತ್ತೆ ರೊಪ್ಪಕ್ಕೆ. ಅಲ್ಲಿಯ ಎತ್ತುಗಳು ಹೆಸರಿಗಷ್ಟೇ ಎತ್ತು. ಆಯುಷ್ಯದಲ್ಲಿ ಅವು ಎತ್ತುವುದು ಬಾಲ ಒಂದನ್ನೇ. ಇವುಗಳನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಈಗಿನ ಕಿಲಾರಿ ಓಬಳೇಶ, ಮೂವತ್ತರ ಆಸುಪಾಸಿನವನು. ವ್ರತದ ಬರಿಗಾಲು, ತಲೆಗೆ ರುಮಾಲು, ಅಂಗಿಯ ಕಿಸೆಯಲ್ಲಿ ಗಾಜೊಡೆದ ಮೊಬೈಲು. ದೂರದ ಸಂಬಂಧದಲ್ಲಿ ಯರ್ರೆಪ್ಪನನ್ನು ಮಾವ ಎನ್ನುತ್ತಾನೆ. ಮಾವ ಎಂದ ಮೇಲೆ ಕಾಡಿಸದೆ ಬಿಡಬಾರದು ಎಂಬುದು ಅವನ ಇನ್ನೊಂದು ವ್ರತ.

"ಬರ್ರಿ ಮಾವ, ಚೆಕಿಂಗಿಗೆ ಬಂದ್ರೇನು?"

"ಎಲ್ಲಾ ಆರಾಮ ಅದಾವೇನಲೇ?"

"ಆರಾಮ ಅದಾವ."

"ಹಂಗ ಒಟ್ಟಿಗೆ ಹೇಳಬ್ಯಾಡ. ಒಂದೊಂದ ಹೇಳು."

ಓಬಳೇಶ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಶುರು ಮಾಡುತ್ತಾನೆ. ಕೆಂದೆತ್ತು ಹಿಂಗಾಲು ಎಳೆಯುತ್ತಿತ್ತು, ಮುಳ್ಳು ತೆಗೆದಿದ್ದಾಯಿತು. ಮುದಿ ಗಿಡ್ಡಿಗೆ ಹಲ್ಲಿಲ್ಲ, ಆದರೂ ಚಿಗುರು ಎಲ್ಲಿದೆಯೋ ಅಲ್ಲಿಗೆ ಎಲ್ಲರಿಗಿಂತ ಮೊದಲು ಹಾಜರು. ಬೋಳಿಗೂ ಕರಿಯಾಕಳಿಗೂ ಜಗಳ, ಕಾರಣ ಗೊತ್ತಿಲ್ಲ, ಬಹುಶಃ ಹಳೆಯದು. ಹೀಗೆ ಮಂದೆಯ ಈ ತುದಿಯಿಂದ ಆ ತುದಿಯವರೆಗೆ ಸಮಾಚಾರ ಹೇಳಿ, ರುಮಾಲು ಬಿಚ್ಚಿ ಜಾಡಿಸಿ ಕಟ್ಟಿಕೊಂಡು ಎದ್ದು ನಿಲ್ಲುತ್ತಾನೆ. ಯರ್ರೆಪ್ಪ ಏಳುವುದಿಲ್ಲ.

"ಮತ್ತ?"

"ಮತ್ತೇನು ಮಾವ, ಆತು."

"ಎಲ್ಲಾ ಹೇಳಿದೇನು?"

"ಯಾವ್ದರ ಬಿಟ್ಟೆನಾ? ಬಿಟ್ಟಿದ್ರ ನೀನ ಕೇಳು."

ಯರ್ರೆಪ್ಪನಿಗೆ ಕೇಳಲು ಆಗುವುದಿಲ್ಲ. ಅದು ಓಬಳೇಶನಿಗೆ ಗೊತ್ತು. ಸ್ವಲ್ಪ ಹೊತ್ತು ಕಾಯಿಸಿ, ಗುಡ್ಡದ ಕಡೆ ಮುಖ ಮಾಡಿ, ಗಾಳಿಗೆ ಹೇಳಿದ ಹಾಗೆ ಹೇಳುತ್ತಾನೆ: "ಆ ಬಿಳಿ ಪಡ್ಡೆನೂ ಚೊಲೊ ಮೇಯ್ಕೊಂಡು ಅದಾಳ." ಆಗ ಯರ್ರೆಪ್ಪ ಪಂಚೆ ಕೊಡವಿ ಎದ್ದು, ಅದನ್ನು ಕೇಳಿಸಿಕೊಂಡೇ ಇಲ್ಲವೆಂಬಂತೆ, ಕೆಂದೆತ್ತಿನ ಕಾಲಿನ ಬಗ್ಗೆ ಮತ್ತೊಂದು ಮಾತು ಕೇಳಿ ಮನೆಗೆ ಹೊರಡುತ್ತಾನೆ.

ಆ ಬಿಳಿ ಪಡ್ಡೆಯ, ಅಂದರೆ ಹರೆಯದ ಆಕಳಿನ, ಹಳೆಯ ಹೆಸರು ರೋಜಾ. ಮೂಗಿನ ಮೇಲೆ ಗುಲಾಬಿ ಬಣ್ಣದ ಮಚ್ಚೆ. ಅದನ್ನು ಮಂದೆಗೆ ಬಿಟ್ಟವನು ಯರ್ರೆಪ್ಪನೇ. ಯಾಕೆ ಬಿಟ್ಟ ಎಂದು ಹೇಳಬೇಕಾದರೆ ಮೊದಲು ಅವನ ಹೆಂಡತಿಯ ಗಂಟಲಿನ ಬಗ್ಗೆ ಹೇಳಬೇಕು.

ಹೆಂಡತಿ ಗಾದೆಮ್ಮ. ಹೆಸರಿನಲ್ಲಿ ಗಾದೆ ಇದ್ದರೂ ಮಾತಿನಲ್ಲಿ ಇದ್ದದ್ದು ಗದೆ. ಅವಳು ಹಿತ್ತಲಲ್ಲಿ ನಿಂತು ಕೋಳಿಯನ್ನು ಕೂಗಿದರೆ ಎರಡು ಓಣಿಯ ಕೋಳಿಗಳು ಬರುತ್ತಿದ್ದವು. ಮರೆತ ಊಟದ ಡಬ್ಬಿಗಾಗಿ ಗಂಡನನ್ನು ಕೂಗಿದರೆ ಬಸ್ ಸ್ಟ್ಯಾಂಡ್ ಬಿಡುತ್ತಿದ್ದ ಡ್ರೈವರು ಬ್ರೇಕಿನ ಮೇಲೆ ಕಾಲಿಡುತ್ತಿದ್ದ. "ನಮ್ಮ ಗಾಡಿಗೆ ಹಾರ್ನ್ ಕೆಟ್ಟರ ಕೆಡಲಿ ಬಿಡ್ರಿ, ಮನ್ಯಾಗ ಸ್ಪೇರ್ ಐತಿ" ಎಂದು ಯರ್ರೆಪ್ಪ ಡಿಪೋದಲ್ಲಿ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಅವನು ನಿವೃತ್ತನಾದ ವರ್ಷವೇ ಗಾದೆಮ್ಮನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಗಂಟಿನ ಜೊತೆ ದನಿಯೂ ಹೋಯಿತು. "ಬರಬಹುದು, ಬರದೆಯೂ ಇರಬಹುದು. ಕಾದು ನೋಡೋಣ" ಎಂದರು ಡಾಕ್ಟರು. ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಇದೇ ಮಾತನ್ನು ಜೀವಮಾನವೆಲ್ಲ ಹೇಳಿದ್ದ ಯರ್ರೆಪ್ಪನಿಗೆ, ಅದನ್ನು ಕೇಳುವವರ ಕಷ್ಟ ಏನೆಂದು ಆಗ ಗೊತ್ತಾಯಿತು.

ಮನೆಗೆ ಬಂದು ತನ್ನ ಸರ್ವಿಸಿನ ಸೀಟಿಯನ್ನು ಹೆಂಡತಿಯ ಕೊರಳಿಗೆ ಕಟ್ಟಿದ. ತಾಳಿಯ ಪಕ್ಕದಲ್ಲಿ ಸೀಟಿ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಕೆಲವೇ ದಿನಗಳಲ್ಲಿ ಗಾದೆಮ್ಮ ಮೂರು ಊದುವುದನ್ನೂ ತಾನಾಗಿಯೇ ಸೇರಿಸಿದಳು. ಅದರ ಅರ್ಥ ಸಾರಿಗೆಯಲ್ಲಿ ಇಲ್ಲ, ಸಂಸಾರದಲ್ಲಿ ಮಾತ್ರ ಇದೆ.

ಆಗ ಮನೆಯಲ್ಲಿ ರೋಜಾ ಇನ್ನೂ ಕರು. ಚಿಗಟೇರಿಯ ತವರಿನಿಂದ ಗಾದೆಮ್ಮನಿಗೆ ಅವಳ ತಾಯಿ ಕೊಟ್ಟ ಆಕಳು ಈದ ಕರು ಅದು. ಬೆಳಗಾದರೆ ಗಾದೆಮ್ಮ ಅಂಬಲಿಯ ಬೋಗುಣಿ ಹಿಡಿದು "ರೋಜಾ, ಏ ರೋಜಾ, ಬಾ" ಎಂದು ಕೂಗಬೇಕು, ಅದು ಎಲ್ಲಿದ್ದರೂ ಒಮ್ಮೆ ಅಂಬಾ ಎಂದು ಓಗೊಟ್ಟು, ಬಾಲ ಎತ್ತಿಕೊಂಡು ಓಡಿ ಬರಬೇಕು. ಕೂಗು ನಿಂತ ಮೇಲೆ ಕರು ತಾನೇ ಬಾಗಿಲಿಗೆ ಬಂದು, ಅವಳ ಮಡಿಲಲ್ಲಿ ಮೂಗಿಟ್ಟು ನಿಲ್ಲತೊಡಗಿತು. ಒಂದು ಬೆಳಗ್ಗೆ ಅದನ್ನು ನೋಡಿದ ಯರ್ರೆಪ್ಪ ಒಳಗೆ ಹೋಗಿ, ದೇವರ ಗೂಡಿನ ಮುಂದೆ ಹರಕೆ ಹೊತ್ತೇಬಿಟ್ಟ. ಇವಳ ದನಿ ಬರಲಿ, ಮನೆಯಲ್ಲಿ ಎಲ್ಲಕ್ಕಿಂತ ಪ್ರೀತಿಯದು ಯಾವುದೋ ಅದನ್ನು ಈಗಲೇ ಬಿಡುತ್ತೇನೆ. ಅಗ್ಗದ್ದೇನಾದರೂ ಕೊಟ್ಟು ಮುಗಿಸಬಹುದಿತ್ತು. ಆದರೆ ಹರಿದ ನೋಟನ್ನು ಎಂದೂ ತೆಗೆದುಕೊಳ್ಳದ ಕಂಡಕ್ಟರು ದೇವರ ಕೈಗೆ ಹರಿದ ನೋಟು ಹೇಗೆ ತುರುಕುತ್ತಾನೆ? ದನಿಗೆ ದನ. ಲೆಕ್ಕ ಸರಿಹೋಯಿತು ಎಂದುಕೊಂಡ.

ಕರುವಿನ ಹಗ್ಗ ಹಿಡಿದು ಅವನು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಹೋಗಿದ್ದ. ಒಳಗಿನಿಂದ ಸೀಟಿ ಕೇಳಿಸಿತು. ಉದ್ದನೆಯದು, ಒಂದೇ ಒಂದು. ಪಾಪ, ಅಳು ಸೀಟಿಯಾಗಿ ಬಂತು ಎಂದುಕೊಂಡ ಯರ್ರೆಪ್ಪ ತಿರುಗಿ ನೋಡದೆ ನಡೆದ. ಅವನ ಇಡೀ ಸರ್ವಿಸಿನಲ್ಲಿ ಒಂದು ಸೀಟಿಗೆ ನಿಲ್ಲದೆ ಮುಂದೆ ಹೋದ ಗಾಡಿ ಅದೊಂದೇ.

ಯರ್ರೆಪ್ಪ ರೊಪ್ಪದ ಹೊರಗೆ ಚಪ್ಪಲಿ ಬಿಟ್ಟು ಕರುವಿನೊಂದಿಗೆ ಒಳಗೆ ಹೋದ. ಓಬಳೇಶ ಕರುವಿನ ಬೆನ್ನಿಗೆ ಒಂದು ತಂಬಿಗೆ ನೀರು ಸುರಿದ. ಕರು ಮೈ ಕೊಡವಿತು. ದೇವರು ಒಪ್ಪಿಕೊಂಡ ಎಂದು ಅರ್ಥ. ನೀರು ಬಿದ್ದರೆ ಯಾವ ಕರುವಾದರೂ ಕೊಡವುತ್ತದಲ್ಲ ಎಂದು ಕೇಳಬಾರದು. ಆಮೇಲೆ ಕಿಲಾರಿ ಕೊರಳ ಹಗ್ಗ ಬಿಚ್ಚಿ, ಬರಿ ಹಗ್ಗವನ್ನು ಕೊಟ್ಟವನ ಕೈಗೆ ಹಿಂದಿರುಗಿಸಿದ.

"ಇನ್ನ ಮ್ಯಾಲೆ ಈಕಿ ನಿನ್ನಾಕಿ ಅಲ್ಲ ಮಾವ. ಹೆಸರು ಹಿಡಿದು ಕರಿಯಾಂಗಿಲ್ಲ, ಹೆಂಗದಾಳ ಅಂತ ಕೇಳಾಂಗಿಲ್ಲ. ಕರದಿ ಅಂದ್ರ ವಾಪಸ್ ಕೇಳಿದಂಗ. ಹರಕಿ ಅಲ್ಲಿಗೇ ಹರಕೊಂತೈತಿ."

ಕೆಲವು ತಿಂಗಳ ಮೇಲೆ ಗಾದೆಮ್ಮನ ದನಿ ಬಂತು. ಕಷಾಯ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು "ಥೂ, ಕಹಿ" ಎಂದಳು. ಯರ್ರೆಪ್ಪನ ಕಿವಿಗೆ ಅಷ್ಟು ಸಿಹಿಯಾದ ಮಾತು ಹಿಂದೆಂದೂ ಬಿದ್ದಿರಲಿಲ್ಲ. ಬಂದ ದನಿಯ ಪುಣ್ಯವನ್ನು ಡಾಕ್ಟರು ಆಪರೇಷನ್ನಿಗೆ ಕೊಟ್ಟರು, ಓಬಳೇಶ ದೇವರಿಗೆ ಕೊಟ್ಟ, ಗಾದೆಮ್ಮ ಮಾತ್ರ ಮೆಣಸಿನ ಕಷಾಯಕ್ಕೆ ಕೊಟ್ಟಳು. ಆದರೆ ಬಂದದ್ದು ಸಣ್ಣ ದನಿ, ಬಾಡಿಗೆಗೆ ತಂದದ್ದರ ಹಾಗೆ ಜೋಪಾನವಾಗಿ ಬಳಸಬೇಕಾದದ್ದು. ಕೂಗಬೇಡಿ ಎಂದಿದ್ದರು ಡಾಕ್ಟರು. ಓಣಿಯವರು "ಗಾದೆಮ್ಮ ಎಷ್ಟು ಮೆತ್ತಗಾಗ್ಯಾಳ" ಎಂದು ಮೆಚ್ಚಿಕೊಂಡರು. ಯರ್ರೆಪ್ಪನಿಗೆ ಮಾತ್ರ ಹಾರ್ನ್ ಇಲ್ಲದ ಬಸ್ಸಿನಲ್ಲಿ ಕೂತ ಹಾಗೆ ದಿಗಿಲು.

ರೋಜಾಳ ಹೆಸರನ್ನು ಗಾದೆಮ್ಮ ಒಮ್ಮೆಯೂ ಎತ್ತಲಿಲ್ಲ. ಬರಿ ಹಗ್ಗವನ್ನು ಹಿತ್ತಲಲ್ಲಿ ಕಟ್ಟಿ, ಅದರ ಮೇಲೆ ಗಂಡನ ಪಂಚೆಗಳನ್ನು ಒಣಹಾಕಿದಳು. ಒದ್ದೆ ಪಂಚೆಯನ್ನು ಅವಳು ಅದರ ಮೇಲೆ ಬೀಸಿ ಎಸೆಯುವ ರಭಸದಲ್ಲಿ ಏನೋ ಒಂದು ಹೇಳಿಕೆ ಇತ್ತು. ಯರ್ರೆಪ್ಪ ಅದನ್ನು ಓದಲು ಹೋಗಲಿಲ್ಲ.

ಅವನ ತಲೆಯಲ್ಲಿ ಬೇರೆಯೇ ಭಯವಿತ್ತು. ದನಿ ಬಂದಿದೆ, ಅಂದರೆ ಹರಕೆ ನಡೆಯುತ್ತಿದೆ. ತಾನು ರೋಜಾ ಹೇಗಿದ್ದಾಳೆ ಎಂದು ಕೇಳಿದರೆ ಹರಕೆ ಮುರಿಯುತ್ತದೆ, ಬಂದ ದನಿ ಬಂದ ಹಾಗೆಯೇ ಹೊರಟುಹೋಗುತ್ತದೆ. ಕೇಳದೆ ಇರೋಣವೆಂದರೆ ಕರುವಿನ ಮೂಗು ಕಣ್ಣ ಮುಂದೆ ಬರುತ್ತದೆ. ಆದ್ದರಿಂದ ಒಂದು ಉಪಾಯ ಮಾಡಿದ: ಒಂದನ್ನು ಕೇಳಬಾರದು, ಎಲ್ಲವನ್ನೂ ಕೇಳಬಾರದೆಂದು ಯಾರೂ ಹೇಳಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು, ತಪ್ಪಿಸಿಕೊಂಡ ಒಂದು ಕುರಿಗಾಗಿ ಉಳಿದೆಲ್ಲ ಕುರಿಗಳನ್ನು ಬಿಟ್ಟು ಹುಡುಕಿಹೋದ ಕುರುಬನ ಕಥೆ ಹೇಳುತ್ತಿದ್ದರು. ನಮ್ಮ ಯರ್ರೆಪ್ಪ ಅದರ ತಿರುವುಮುರುವು. ಒಂದು ಆಕಳಿಗಾಗಿ ಉಳಿದೆಲ್ಲದರ ಹಲ್ಲು, ಕೊಂಬು, ಹೊಟ್ಟೆಯುಬ್ಬರ ವಿಚಾರಿಸಿದವನು.

ಹೀಗೇ ಮೂರು ವರ್ಷ ನಡೆಯಿತು. ಈ ವರ್ಷವೂ ಬೇಸಿಗೆಯಲ್ಲಿ ಗುಡ್ಡ ಬೋಳಾದಾಗ, ಓಬಳೇಶ ಮಂದೆ ಹೊಡೆದುಕೊಂಡು ಹಂಪಸಾಗರದ ಕಡೆ ಹೊಳೆಗೆ ಹೋದ. ತುಂಗಭದ್ರೆಯ ಹಿನ್ನೀರು ಇಳಿದ ಕಡೆ ಆಗ ಒಳ್ಳೆಯ ಹಸಿರು ಎದ್ದಿರುತ್ತದೆ. ಮಳೆ ಶುರುವಾಗಿ ನೀರು ಏರುವ ಹೊತ್ತಿಗೆ ಮಂದೆ ತಿರುಗಿ ಗುಡ್ಡಕ್ಕೆ. ಈ ನಡುವಿನ ತಿಂಗಳುಗಳಲ್ಲಿ ಯರ್ರೆಪ್ಪನ ಶನಿವಾರದ ಚೆಕಿಂಗು ಫೋನಿನಲ್ಲಿ ನಡೆಯುತ್ತದೆ.

ಜುಲೈ ಮೊದಲ ಶನಿವಾರ ಫೋನು ಮಾಡಿದ.

"ಎಲ್ಲಾ ಆರಾಮ ಅದಾವೇನಲೇ?"

ಓಬಳೇಶ ಚೇಷ್ಟೆ ಮಾಡಲಿಲ್ಲ. ಚೆಕಿಂಗು ಎನ್ನಲಿಲ್ಲ. "ಹೂಂ ಮಾವ" ಎಂದ. ಆಮೇಲೆ ಸ್ವಲ್ಪ ತಡೆದು, "ಬಾಕಿ ಎಲ್ಲಾ ಆರಾಮ" ಎಂದ. ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಬಾಕಿ ಎಂಬ ಮಾತನ್ನು ಯರ್ರೆಪ್ಪ ಟಿಕೆಟ್ಟಿನ ಬೆನ್ನ ಮೇಲೆ ಬರೆದು ಬರೆದು ಸವೆದಿದ್ದ. ಬಾಕಿ ಅಂದರೆ ಕೈಗೆ ಬರದೆ ಉಳಿದದ್ದು. ಎದ್ದು ಚಪ್ಪಲಿ ಮೆಟ್ಟಿದ. ಹಿಂದೆಯೇ ಗಾದೆಮ್ಮ ಕೈಚೀಲ ಹಿಡಿದು ಬಂದಳು.

"ನೀ ಎಲ್ಲಿಗೆ?"

"ಹಂಪಸಾಗರದಾಗ ಹೊಳಿ ಮೀನು ಚೊಲೊ ಸಿಗ್ತಾವಂತ. ತರ್ತೀನಿ."

"ಮೀನು ಕೂಡ್ಲಿಗ್ಯಾಗ ಸಿಗಂಗಿಲ್ಲೇನು?"

"ಕೂಡ್ಲಿಗಿ ಮೀನಿಗೆ ನೀರಿನ ಗುರುತ ಇರಂಗಿಲ್ಲ" ಎಂದಳು, ಸಣ್ಣ ದನಿಯಲ್ಲಿ. "ನಾ ಹಂಪಸಾಗರಕ್ಕ ಹೊಂಟೀನಿ ಅಂತ ನಿನಗ ಹೆಂಗ ಗೊತ್ತಾತು?" ಎಂದು ಕೇಳುವಷ್ಟು ಬುದ್ಧಿ ಯರ್ರೆಪ್ಪನಿಗೆ ಕೊಟ್ಟೂರು ಬಂದ ಮೇಲೆ ಹೊಳೆಯಿತು. ಕೇಳಲಿಲ್ಲ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದರು, ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು. ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಗಾದೆಮ್ಮನಿಗೆ ಸೊನ್ನೆಯ ಟಿಕೆಟ್ಟು, ಬಸ್ಸಿನಲ್ಲೇ ಕೂದಲು ನರೆಸಿಕೊಂಡ ಗಂಡನಿಗೆ ಪೂರ್ತಿ ಟಿಕೆಟ್ಟು. ನಿಂತವರ ಮಧ್ಯೆ ಸಿಕ್ಕಿಕೊಂಡಾಗ ಅವನ ಬಾಯಿ ತಾನಾಗಿಯೇ "ಮುಂದಕ್ಕ ನಡೀರಿ, ಮುಂದಕ್ಕ, ಮುಂದ ಜಾಗ ಐತಿ" ಎಂದಿತು. ಜನ ನಡೆದರು. ಆ ದನಿಗೆ ಇನ್ನೂ ಬೆಲೆಯಿತ್ತು.

ಹಂಪಸಾಗರದಲ್ಲಿ ಇಳಿದು ಹೊಳೆಯ ದಾರಿ ಹಿಡಿದಾಗ ಮಧ್ಯಾಹ್ನ. ಮೇಲೆ ಮೋಡದ ಚೂರಿಲ್ಲ. ಆದರೆ ಮಲೆನಾಡಿನಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿನಲ್ಲೇ ಹೊಳೆ ಏರುತ್ತದೆ. ಹಸಿರು ಬಯಲಿನ ಅಂಚನ್ನು ಕೆಂಪು ನೀರು ಸದ್ದಿಲ್ಲದೆ ನೆಕ್ಕುತ್ತಿತ್ತು. ಮಂದೆಯೆಲ್ಲ ದಡದ ಮೇಲೆ ಒಟ್ಟಾಗಿ, ಹೊರಡಲು ಸಿದ್ಧವಾಗಿ ನಿಂತಿತ್ತು. ಓಬಳೇಶ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಓಡಿ ಬಂದ.

"ಮಾವ, ನೀ ಏನೂ ಕೇಳಬ್ಯಾಡ. ನಾ ಅತ್ತಿಗೆ ಹೇಳ್ತೀನಿ. ನಿನ್ನ ಕಿವಿಗೆ ಬಿದ್ರ ಅದು ನನ್ನ ತಪ್ಪಲ್ಲ." ಗಾದೆಮ್ಮನ ಕಡೆ ತಿರುಗಿದ. "ಬಿಳಿ ಪಡ್ಡೆ ತುಂಬಿದ ಬಸುರಿ ಇದ್ಲು ಅತ್ತಿ. ನಿನ್ನೆಯಿಂದ ಕಾಣವಲ್ಲಳು. ಈಯಾಕ ಬಂದ ಆಕಳು ಹಂಗ, ದನ ಬಿಟ್ಟು ಮರೆಗೆ ಹೋಗಿ ಈಯ್ತೈತಿ, ಕರು ಬಚ್ಚಿಟ್ಟು ಕಾಯ್ತೈತಿ. ಬ್ಯಾರೆ ದಿನ ಆಗಿದ್ರ ತಾನ ಬರ್ಲಿ ಅಂತಿದ್ದೆ. ನೀರು ನೋಡ್ರಿ."

ಅವನು ಕೈ ತೋರಿದ ಕಡೆ ಮೂರು ದಿಬ್ಬಗಳಿದ್ದವು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೆಯ ಊರಿನ ಅಡಿಪಾಯಗಳು, ಬೇಸಿಗೆಯಲ್ಲಿ ತಲೆ ಎತ್ತುವಂಥವು. ಮೇಲೆಲ್ಲ ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿತ್ತು. ಸುತ್ತ ಆಗಲೇ ನೀರು ಆವರಿಸಿತ್ತು.

"ಆ ಮೂರರಾಗ ಒಂದರಾಗ ಅದಾಳ. ಯಾವ್ದು ಅಂತ ಗೊತ್ತಾದ್ರ ಈಗ್ಲೂ ನಡಕೊಂಡ ಹೋಗಿ ತರಬಹುದು. ಮೂರೂ ಹುಡುಕಾಕ ಹೋದ್ರ ವಾಪಸ್ ಬರೋವಾಗ ನೀರು ಎದಿಮಟ್ಟ. ಕೂಗಿ ಕೂಗಿ ಗಂಟಲು ಹರೀತು. ಕರು ಬಚ್ಚಿಟ್ಟಾಕಿ ಕಿಲಾರಿ ಕೂಗಿಗೆ ಓಗೊಡಂಗಿಲ್ಲ. ದಿನಾ ಅಟ್ಟೋನು ನಾನು, ಅಟ್ಟಾಕ ಬಂದಾನ ಅಂತ ತಿಳೀತಾಳ."

ಓಬಳೇಶ ಯರ್ರೆಪ್ಪನ ಮುಖವನ್ನು ನೋಡಿ, ತಕ್ಷಣ ಬೇರೆ ಕಡೆ ನೋಡಿದ.

ಯರ್ರೆಪ್ಪ ನೀರಿನ ಅಂಚಿಗೆ ಹೋಗಿ ನಿಂತ. ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಊರೂರಿನ ಹೆಸರು ಕೂಗಿ ಕೂಗಿ ಪಳಗಿದ ಬಾಯಿಗೆ ಎರಡಕ್ಷರದ ಒಂದು ಹೆಸರು ಬರಲಿಲ್ಲ.

"ಕರಿ" ಎಂದಳು ಗಾದೆಮ್ಮ.

"ಕರಿಯಾಂಗಿಲ್ಲ."

"ಆಕಿ ಸತ್ತರೂ?"

"ನಿನ್ನ ದನಿ ಸಲುವಾಗಿ ಬಿಟ್ಟಾಕಿ. ನಾ ಕರದು, ನಿನ್ನ ದನಿ ಮತ್ತ ಹೋದ್ರ?" ಯರ್ರೆಪ್ಪ ಹೆಂಡತಿಯ ಕಡೆ ತಿರುಗಿದ. "ಆ ಆರು ತಿಂಗಳು ಮನಿ ಮನಿಯಾಗಿದ್ದಿಲ್ಲ ಗಾದಿ."

ಗಾದೆಮ್ಮ ಗಂಡನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಅಂದ್ರ ಶನಿವಾರ ಶನಿವಾರ ಅಷ್ಟೂ ದನದ ಜಾತಕ ಕೇಳಿ ಬರೋದು ಇದಕ್ಕೇನು?"

"ಹೂಂ."

"ನಾ ಏನೋ, ನಿನಗ ನನ್ಕಿಂತ ದ‌ನದ ಸಂಗ ಚೊಲೊ ಅನಸ್ತೈತಿ ಅಂದ್ಕೊಂಡಿದ್ದೆ." ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಆಕಿನ್ನ ಬಿಟ್ಟಾವ ಯಾರು?"

"ನಾನ."

"ನನ್ನ ಕೇಳಿದ್ದೇನು?"

"ನಿನಗ ಆವಾಗ ಮಾತು..."

"ಮಾತಿರಲಿಲ್ಲ. ಸೀಟಿ ಇತ್ತು. ಊದಿದ್ನೋ ಇಲ್ಲೋ?"

"ಊದಿದ್ದಿ."

"ಎಷ್ಟು?"

"ಒಂದ."

"ಒಂದು ಅಂದ್ರ ಏನು, ಕಂಡಕ್ಟರ್ ಸಾಹೇಬ್ರ?"

ಯರ್ರೆಪ್ಪ ನೀರನ್ನು ನೋಡಿದ. "ನಿಲ್ಲು."

"ನಿಂತೇನು?"

ಗಾದೆಮ್ಮ ಕಿಲಾರಿಯ ಕಡೆ ತಿರುಗಿದಳು. "ಆ ಕರು ನನ್ನ ಅವ್ವ ಕೊಟ್ಟ ಆಕಳಿಂದು. ನನ್ನದು. ಈತ ಕೊಟ್ಟಾನ, ನಾ ಕೊಟ್ಟಿಲ್ಲ. ನಾ ಕರದ್ರ ನಿನ್ನ ದೇವರು ಏನಂತಾನ?"

ಓಬಳೇಶ ರುಮಾಲಿನೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡ. ನೀರು ಅವನ ಪಾದಕ್ಕೆ ಬಂದಿತ್ತು. "ಕೊಟ್ಟಾವ ಕರೀಬಾರ್ದು ಅಂತ ಹಿರ್ಯಾರು ಹೇಳ್ಯಾರ ಅತ್ತಿ. ಕೊಡದಾಕಿ ವಿಚಾರ ಏನೂ ಹೇಳಿಲ್ಲ. ದೇವರ ಮುಂದ ನಾ ಜವಾಬು ಕೊಡ್ತೀನಿ. ಕರಿ."

"ಬ್ಯಾಡ ಗಾದಿ, ಡಾಕ್ಟ್ರು ಕೂಗಬಾರ್ದು ಅಂದಾರ" ಎಂದು ಯರ್ರೆಪ್ಪ ಅಡ್ಡ ಬಂದ. ಗಾದೆಮ್ಮ ಅವನ ಕೈಗೆ ಚೀಲ ಕೊಟ್ಟು, ಪಕ್ಕಕ್ಕೆ ಸರಿಸಿ, ನೀರಿನ ಅಂಚಿನಲ್ಲಿ ನಿಂತಳು.

ಮೊದಲ ಕೂಗು ಗಾಳಿಯೇ ಆಗಿ ಹೋಯಿತು. ಎರಡನೆಯದು ಒಡೆದು ಕೆಮ್ಮಾಯಿತು. ಯರ್ರೆಪ್ಪ ಕಣ್ಣು ಮುಚ್ಚಿಕೊಂಡ. ಗಾದೆಮ್ಮ ಗಂಟಲು ಸರಿಮಾಡಿಕೊಂಡು, ಉಗುಳಿ, ಅಂಬಲಿಯ ಬೋಗುಣಿ ಹಿಡಿದವಳಂತೆ ಎಡಗೈಯನ್ನು ಮಡಚಿಟ್ಟು, ಮುಖ ಮೇಲೆತ್ತಿದಳು.

"ರೋಜಾ! ಏ ರೋಜಾ! ಬಾ!"

ದಡದ ಮೇಲಿನ ಮಂದೆ ಒಟ್ಟಿಗೇ ತಲೆ ಎತ್ತಿತು. ನೀರಿನ ಮೇಲೆ ಕೂತಿದ್ದ ಬೆಳ್ಳಕ್ಕಿಗಳು ಎದ್ದವು. ಅದು ಬಾಡಿಗೆಯ ದನಿಯಲ್ಲ, ಸ್ವಂತದ್ದು. ಬ್ರೇಕ್ ಮೇಲೆ ಕಾಲಿಡಿಸುತ್ತಿದ್ದದ್ದು. ಮೂರು ವರ್ಷ ಅದು ಎಲ್ಲಿ ಮೇಯಲು ಹೋಗಿತ್ತೋ, ಇದ್ದ ಹಾಗೆಯೇ ತಿರುಗಿ ಬಂದಿತ್ತು.

ನಡುವಿನ ದಿಬ್ಬದಿಂದ ಒಂದು ಅಂಬಾ ಕೇಳಿಸಿತು. ಗಿಡ್ಡದು, ಸ್ವಲ್ಪ ಸಿಡುಕಿನದು. ಇಲ್ಲೇ ಇದ್ದೀನಲ್ಲ, ಏನೀಗ ಎಂಬಂಥದು.

"ನಡುವಿಂದು!" ಎಂದು ಓಬಳೇಶ ನೀರಿಗೆ ಇಳಿದ. ಯರ್ರೆಪ್ಪ ಚೀಲ ಎಸೆದು, ಪಂಚೆ ಎತ್ತಿ ಕಟ್ಟಿ ಅವನ ಹಿಂದೆ ನಡೆದ. ಮಂದೆಯಲ್ಲಿ ಕೆಲವು ಅವರ ಹಿಂದೆ ಹೊರಟವು. "ನಿಂದರ್ರಿ ಅಲ್ಲೇ!" ಎಂದಳು ಗಾದೆಮ್ಮ. ನಿಂತವು.

ನೀರು ತೊಡೆಯವರೆಗೆ ಇತ್ತು. ಜಾಲಿಯ ಮುಳ್ಳು ಸರಿಸಿ ಒಳಗೆ ನುಗ್ಗಿದರೆ, ಯಾವುದೋ ಮನೆಯ ಹಳೆಯ ಕಟ್ಟೆಯ ಮೇಲೆ, ಒಣಗಿದ ಜಾಗದಲ್ಲಿ ಒಂದು ಕರು. ಬಿಳಿ. ಕಾಲುಗಳು ಯಾವುದು ಯಾರದೆಂದು ಇನ್ನೂ ತೀರ್ಮಾನವಾಗದ ಹಾಗೆ ಹರಡಿಕೊಂಡು ಕೂತಿತ್ತು. ಪಕ್ಕದಲ್ಲಿ ರೋಜಾ. ಎಷ್ಟು ದೊಡ್ಡವಳಾಗಿದ್ದಳು! ಹತ್ತಿರದಿಂದ ನೋಡದೆ ಮೂರು ವರ್ಷವಾಗಿತ್ತು. ಯರ್ರೆಪ್ಪ ಕೈ ಚಾಚಿದ. ಮೂಗಿನ ಆ ಮಚ್ಚೆಯನ್ನು ಒಮ್ಮೆ ಮುಟ್ಟೋಣ ಎಂದು.

ರೋಜಾ ತಲೆ ತಗ್ಗಿಸಿ ನೇರ ಹಾಯಲು ಬಂದಳು.

ಕೊಂಬು ಪಂಚೆಗೆ ತಗುಲಿತು. ಯರ್ರೆಪ್ಪ ಹಿಂದಕ್ಕೆ ಹಾರಿ, ಕಟ್ಟೆಯಿಂದ ಜಾರಿ, ಸೊಂಟದವರೆಗೆ ಕೆಸರು ನೀರಿನಲ್ಲಿ ಕೂತ. ಅವಳಿಗೆ ಅವನ ಗುರುತಿರಲಿಲ್ಲ. ಒಂದಿಷ್ಟೂ ಇರಲಿಲ್ಲ. ಒಂದು ಕ್ಷಣ ಅವನ ಮುಖ ಕೊನೆಯ ಬಸ್ಸು ತಪ್ಪಿದವನ ಮುಖದಂತಾಯಿತು. ಆಮೇಲೆ ಕೆಸರಿನಲ್ಲಿ ಕೂತಲ್ಲಿಂದಲೇ ಅವಳ ಮೈಯನ್ನು ನೋಡಿದ. ತುಂಬಿದ ಪಕ್ಕೆ, ಹೊಳೆಯುವ ಕೂದಲು, ಉಸಿರಿನ ಬಿಸಿ, ಕಣ್ಣಿನ ಕೆಂಪು. ಯಾರ ಹಂಗೂ ಇಲ್ಲದ ಸಿಟ್ಟು.

"ಗಾದೀ!" ಎಂದು ದಡಕ್ಕೆ ಕೇಳುವ ಹಾಗೆ ಕೂಗಿದ. "ಹಾಯಾಕ ಬಂದ್ಲು! ಆರಾಮ ಅದಾಳ!"

ಓಬಳೇಶ ಬಾಯಿಂದ ಟುರ್ರ್ ಟುರ್ರ್ ಎನ್ನುತ್ತಾ ಅವಳನ್ನು ಸಮಾಧಾನ ಮಾಡಿ, ಕರುವನ್ನು ಎತ್ತಿ ಯರ್ರೆಪ್ಪನ ಹೆಗಲ ಮೇಲೆ ಹೇರಿದ. "ನಾ ಆಕಿ ಪಕ್ಕಕ್ಕ ಇರ್ತೀನಿ ಮಾವ, ನೀ ನಡಿ. ನಿಲ್ಲಬ್ಯಾಡ." ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಕರುವಿನ ಹಿಂದೆಯೇ ತಾಯಿ ನೀರಿಗಿಳಿದಳು, ಎರಡೆರಡು ಹೆಜ್ಜೆಗೊಮ್ಮೆ ಯರ್ರೆಪ್ಪನ ಬೆನ್ನಿಗೆ ಮೂಗಿನಿಂದ ತಿವಿದಳು. ಜೀವಮಾನವೆಲ್ಲ ಊರಿನವರ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನಡೀರಿ ಎಂದವನನ್ನು ಒಂದು ಆಕಳು ತುಂಬಿದ ಹೊಳೆಯಲ್ಲಿ ಮುಂದಕ್ಕೆ ನಡೆಸಿತು. ದಡದ ಮೇಲೆ ನಿಂತ ಗಾದೆಮ್ಮ ಅದನ್ನು ನೋಡಿ ನಕ್ಕ ನಗು ಹಂಪಸಾಗರದ ಬಸ್ ನಿಲ್ದಾಣದವರೆಗೆ ಕೇಳಿಸಿರಬೇಕು.

ಕರು ಇಳಿಸಿದ ಮೇಲೆ ರೋಜಾ ಗಾದೆಮ್ಮನ ಹತ್ತಿರ ಬಂದು, ಅವಳ ಮಡಚಿದ ಎಡಗೈಯನ್ನು ಮೂಸಿ, ಅಂಬಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕರು ನೆಕ್ಕಲು ಹೋದಳು. ಗಾದೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹರಕಿ?" ಎಂದು ಯರ್ರೆಪ್ಪ ಮೆಲ್ಲಗೆ ಕಿಲಾರಿಯನ್ನು ಕೇಳಿದ.

"ಏನೂ ಆಗಿಲ್ಲ ಮಾವ. ಕೊಟ್ಟಾವ ಕರೀಲಿಲ್ಲ. ಕರದಾಕಿ ಕೊಟ್ಟಿಲ್ಲ." ಓಬಳೇಶ ಮಂದೆಯ ಮುಂದೆ ಹೋಗಿ ಹೋಯ್ ಎಂದ. ಮಂದೆ ಗುಡ್ಡದ ಕಡೆ ಹೊರಟಿತು. ಕರುವನ್ನು ಅವತ್ತು ದಾರಿಯುದ್ದಕ್ಕೂ ಅವನೇ ಹೊತ್ತ. ಯರ್ರೆಪ್ಪ ಮೊದಲ ಊರಿನವರೆಗೆ ಹಿಂದೆ ನಡೆದು ಹೋಗಿ ಬಂದ. ಮೀನು ತರುವುದನ್ನು ಇಬ್ಬರೂ ಮರೆತರು.

ಈಗ ಶನಿವಾರದ ಚೆಕಿಂಗಿಗೆ ಇಬ್ಬರೂ ಹೋಗುತ್ತಾರೆ. ಗಾದೆಮ್ಮ ಗುಡ್ಡದ ಬುಡ ಮುಟ್ಟುವ ಮೊದಲೇ "ನನ್ನ ರೋಜಾ ಹೆಂಗದಾಳಲೇ?" ಎಂದು ದಾರಿಯಿಂದಲೇ ಕೇಳುತ್ತಾಳೆ, ಉತ್ತರವಾಗಿ ಕೆಲವೊಮ್ಮೆ ರೋಜಾಳೇ ಓಗೊಡುತ್ತಾಳೆ. ಯರ್ರೆಪ್ಪ ಈಗಲೂ ಅವಳ ಹೆಸರೆತ್ತುವುದಿಲ್ಲ. ಆದರೆ ಕರುವನ್ನು ಅವನು ಕೊಟ್ಟಿಲ್ಲ, ಅದು ಮಂದೆಯಲ್ಲೇ ಹುಟ್ಟಿದ್ದು, ಅದರ ವಿಚಾರ ಧಾರಾಳವಾಗಿ ಕೇಳಬಹುದು.

"ಕರು ಹಾಲು ಕುಡಿತೈತೇನು?"

"ಹೊಟ್ಟಿ ತುಂಬ ಕುಡಿತೈತಿ ಮಾವ."

"ಹಂಗಾದ್ರ ಕುಡಸಾಕಿನೂ ಆರಾಮ ಅದಾಳ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಬೇಕಾದದ್ದು ಇಷ್ಟರಲ್ಲೇ ಸಿಕ್ಕಿತಾದ್ದರಿಂದ ಎದ್ದು ಹೋಗಬಹುದು. ಗಾದೆಮ್ಮನೂ ಚೀಲ ಎತ್ತಿಕೊಂಡು ನಿಲ್ಲುತ್ತಾಳೆ. ಅವನು ಏಳುವುದಿಲ್ಲ.

"ಮತ್ತೇನು ಮಾವ?"

"ಆ ಕೆಂದೆತ್ತು ನೋಡಲೇ, ಮತ್ತ ಕಾಲು ಎಳ್ಯಾಕ ಹತ್ತೇತಿ. ಮುಳ್ಳು ಪೂರಾ ಬಂದಿಲ್ಲೇನೋ. ನಾಳಿಗೆ ದನದ ಡಾಕ್ಟರನ್ನ ಕರ್ಕೊಂಡು ಬರ್ತೀನಿ. ಚಪ್ಪಲಿ ಹೊರಗ ಬಿಡಾಕ ಹೇಳ್ತೀನಿ, ನೀ ಏನೂ ಅನಬ್ಯಾಡ. ಆಮ್ಯಾಲೆ, ಗಿಡ್ಡಿ? ಬೋಳಿ ಜಗಳ ಮುಗೀತೇನು?"

ಗಾದೆಮ್ಮ ನಿಟ್ಟುಸಿರುಬಿಟ್ಟು ಚೀಲ ಕೆಳಗಿಟ್ಟು ಕೂರುತ್ತಾಳೆ. ಓಬಳೇಶ ಒಂದೊಂದಾಗಿ ಹೇಳಲು ಶುರು ಮಾಡುತ್ತಾನೆ, ಯಾವುದನ್ನೂ ಬಿಡದೆ.